ಯಂತ್ರಕ್ಕೂ ಒಂದು ಲಕ್ಷಣಗ್ರಂಥ

ಕನ್ನಡ ಪಂಡಿತನಾದವನು ಸ್ಮರಣಸಂಚಿಕೆಗೆ ಲೇಖನ ಬರೆದರೆ ಅದು ಪಂಪನನ್ನೋ ರಾಘವಾಂಕನನ್ನೋ ಕುರಿತದ್ದಾಗಿರುತ್ತದೆ ಎಂದು ವಾಚಕರು ನಿರೀಕ್ಷಿಸುವುದು ಸಹಜ. ಗಣಕಯಂತ್ರ, ತಂತ್ರಾಂಶ ಮೊದಲಾದುವು ವಿಜ್ಞಾನೋಪಾಧ್ಯಾಯರ ಪಾಲಿಗೆ ಸೇರಿದುವೆಂಬ ಅಲಿಖಿತ ಒಪ್ಪಂದವೊಂದು ನಮ್ಮ ಶಾಲೆಗಳಲ್ಲಿ ನಡೆದುಬಂದಿದೆ. ಆ ಗಡಿಯನ್ನು ದಾಟಿ ಈ ವಿಷಯವನ್ನು ಎತ್ತಿಕೊಂಡಿರುವುದಕ್ಕೆ ಕಾರಣವುಂಟು. ವಿಮಾನ, ರೈಲು, ಆಸ್ಪತ್ರೆಯ ಕ್ಷ-ಕಿರಣ ಯಂತ್ರ, ಸಮುದ್ರವನ್ನು ತಡೆಯುವ ಬಾಗಿಲು ಇವುಗಳನ್ನು ನಡೆಸುವ ತಂತ್ರಾಂಶವನ್ನು ನಿರ್ಮಿಸತಕ್ಕ ವಿದ್ವಾಂಸರು ಕಳೆದ ಹಲವು ದಶಕಗಳಿಂದ ಯಾವ ಪ್ರಶ್ನೆಯೊಡನೆ ಹೆಣಗುತ್ತಿದ್ದಾರೆಯೋ ಆ ಪ್ರಶ್ನೆ ಮೂಲತಃ ಲಕ್ಷಣಶಾಸ್ತ್ರಕ್ಕೆ ಸೇರಿದುದು. ಒಂದು ವಸ್ತುವನ್ನು, ಒಂದು ಸ್ಥಿತಿಯನ್ನು ಹೆಚ್ಚೂ ಆಗದಂತೆ ಕಡಿಮೆಯೂ ಆಗದಂತೆ ಮಾತಿನಲ್ಲಿ ಹಿಡಿಯುವುದು ಹೇಗೆ ಎಂಬುದೇ ಆ ಪ್ರಶ್ನೆ. ಭಾಷೆಯನ್ನು ಓದಿದವನು ಇತ್ತ ಕಣ್ಣೆತ್ತಿ ನೋಡದಿರುವುದೂ, ಯಂತ್ರವನ್ನು ಓದಹೊರಟ ಹುಡುಗನು ವ್ಯಾಕರಣವನ್ನು ಅಂಕಗಳ ಮಟ್ಟಿಗೆ ಸಹಿಸಿಕೊಂಡು ಹತ್ತನೆಯ ತರಗತಿಯ ಬಾಗಿಲಲ್ಲೇ ಬಿಟ್ಟುಹೋಗುವುದೂ ಎರಡೂ ಅನರ್ಥಕ್ಕೆ ಕಾರಣವೆಂಬುದು ನನ್ನ ಅಭಿಪ್ರಾಯ.

ಮೊದಲು ವಿಷಯದ ಸ್ವರೂಪವನ್ನು ತಿಳಿಯೋಣ. ಯಂತ್ರವನ್ನು ನಡೆಸುವ ಗಣಕವು ತಾನಾಗಿ ಏನನ್ನೂ ಊಹಿಸಿಕೊಳ್ಳದು. ಬರೆದಿಟ್ಟ ಕ್ರಮವಿಧಿಯನ್ನು ಅಕ್ಷರಶಃ ಪಾಲಿಸುತ್ತದೆ. ನೂರು ಸಾಲುಗಳ ಕ್ರಮವಿಧಿಯನ್ನು ಒಬ್ಬನೇ ಕುಳಿತು ಓದಿ ಸರಿತಪ್ಪುಗಳನ್ನು ನಿರ್ಣಯಿಸಬಹುದು. ಆದರೆ ನೆದರ್‌ಲೆಂಡ್ಸ್ ದೇಶದ ವೆಲ್ಡ್‌ಹೋವನ್ ಎಂಬ ಊರಿನಲ್ಲಿ ಎಎಸ್‌ಎಂಎಲ್ ಸಂಸ್ಥೆಯು ತಯಾರಿಸುವ, ಗಣಕದ ಚಿಪ್‌ಗಳ ಸೂಕ್ಷ್ಮರೇಖೆಗಳನ್ನು ಬೆಳಕಿನಿಂದ ಮುದ್ರಿಸುವ ಯಂತ್ರವನ್ನು ತೆಗೆದುಕೊಳ್ಳಿ. ಅದರೊಳಗೆ ಕರಗಿದ ತವರದ ಹನಿಗಳು ಸೆಕೆಂಡಿಗೆ ಸುಮಾರು ೫೦,೦೦೦ದಂತೆ ಚಿಮ್ಮುತ್ತವೆ. ಒಂದೊಂದು ಹನಿಯನ್ನೂ ಲೇಸರ್ ಕಿರಣವು ಹೊಡೆದು ೧೩.೫ ನ್ಯಾನೋಮೀಟರ್ ತರಂಗದೂರದ ಬೆಳಕನ್ನು ಹುಟ್ಟಿಸುತ್ತದೆ. ಆ ಬೆಳಕನ್ನು ತಿರುಗಿಸುವ ಕನ್ನಡಿಗಳು, ಸಿಲಿಕಾನ್ ಬಿಲ್ಲೆಯನ್ನು ಹೊತ್ತು ಓಡಾಡುವ ಪೀಠಗಳು, ಗಾಳಿಯಿಲ್ಲದ ಕೋಣೆಗಳು, ಅಳೆಯುವ ಉಪಕರಣಗಳು ಎಲ್ಲವೂ ಒಂದನ್ನೊಂದು ಕಾಯುತ್ತ, ಒಂದಕ್ಕೊಂದು ಸೂಚನೆ ಕೊಡುತ್ತ ನಡೆಯಬೇಕು. ಇಂಥ ಯಂತ್ರದ ತಂತ್ರಾಂಶವನ್ನು ಆಮೂಲಾಗ್ರವಾಗಿ ಮನಸ್ಸಿನಲ್ಲಿ ಇಟ್ಟುಕೊಳ್ಳಬಲ್ಲ ಮನುಷ್ಯನು ಆ ಊರಿನಲ್ಲಿಯೂ ಇಲ್ಲ, ಮತ್ತೊಂದು ಊರಿನಲ್ಲಿಯೂ ಇಲ್ಲ.

ಹಿಂದಿನ ಪದ್ಧತಿಯಲ್ಲಿ ಯಂತ್ರವು ಏನು ಮಾಡಬೇಕೆಂಬುದನ್ನು ಸಾಮಾನ್ಯವಾದ ಗದ್ಯದಲ್ಲಿ ನೂರಾರು ಪುಟ ಬರೆಯುತ್ತಿದ್ದರು. ಅದನ್ನು ಓದಿದ ಹತ್ತು ಮಂದಿ ಹತ್ತು ಬಗೆಯಾಗಿ ತಿಳಿದು ತಮ್ಮ ತಮ್ಮ ಭಾಗವನ್ನು ಬರೆಯುತ್ತಿದ್ದರು. ಕೊನೆಗೆ ಎಲ್ಲವನ್ನೂ ಕೂಡಿಸಿ ನಡೆಸಿನೋಡಿ ಎಲ್ಲಿ ಎಡವಿತೋ ಅಲ್ಲಿ ತಿದ್ದುತ್ತಿದ್ದರು. ೧೯೬೨ರಿಂದ ೧೯೮೪ರವರೆಗೆ ಐಂಡ್‌ಹೋವನ್ ನಗರದ ತಾಂತ್ರಿಕ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕರಾಗಿದ್ದ ಎಡ್ಸ್‌ಗರ್ ಡೈಕ್‌ಸ್ಟ್ರಾ ಎಂಬ ಗಣಕವಿಜ್ಞಾನಿ ಈ ಪದ್ಧತಿಯ ದೌರ್ಬಲ್ಯವನ್ನು ನಿಷ್ಠುರವಾಗಿ ಎತ್ತಿತೋರಿದರು. ನಡೆಸಿನೋಡುವ ಪರೀಕ್ಷೆಯಿಂದ ದೋಷ ಇದೆಯೆಂಬುದನ್ನು ತೋರಿಸಬಹುದೇ ಹೊರತು ದೋಷ ಇಲ್ಲವೆಂಬುದನ್ನು ಸ್ಥಾಪಿಸಲಾಗದು ಎಂಬುದು ಅವರ ನಿಲುವಾಗಿತ್ತು. ಇದರಿಂದ ಮುಂದೆ ಹುಟ್ಟಿದ ಪದ್ಧತಿಗಳಲ್ಲಿ ಮುಖ್ಯವಾದುದು ಮಾದರಿಯನ್ನು ಆಧರಿಸಿದ ನಿರ್ಮಾಣಪದ್ಧತಿ. ಯಂತ್ರವನ್ನು ಕಟ್ಟುವುದಕ್ಕೆ ಮೊದಲೇ ಅದರ ವರ್ತನೆಯನ್ನು ಅರ್ಥಸಂದೇಹಕ್ಕೆ ಎಡೆಯಿಲ್ಲದ ಒಂದು ಕೃತಕಭಾಷೆಯಲ್ಲಿ ಬರೆಯುತ್ತಾರೆ. ಯಂತ್ರವು ಯಾವ ಯಾವ ಸ್ಥಿತಿಗಳಲ್ಲಿ ಇರಬಲ್ಲದು, ಯಾವ ಘಟನೆಯಿಂದ ಯಾವ ಸ್ಥಿತಿಗೆ ಹೋಗತಕ್ಕದ್ದು, ಎಂದೆಂದಿಗೂ ಆಗಕೂಡದ್ದು ಯಾವುದು ಎಂಬಿಷ್ಟನ್ನು ಅದರಲ್ಲಿ ಹೇಳುತ್ತಾರೆ. ಅನಂತರ ಗಣಕವೇ ಆ ಬರವಣಿಗೆಯನ್ನು ಪರಿಶೀಲಿಸಿ, ಎಲ್ಲ ಹಾದಿಗಳಲ್ಲಿಯೂ ನಡೆದುನೋಡಿ, ಎರಡು ಭಾಗಗಳು ಒಂದನ್ನೊಂದು ಕಾಯುತ್ತ ಸ್ತಬ್ಧವಾಗುವ ಸಂದರ್ಭವುಂಟೋ, ನಿಷಿದ್ಧವಾದುದು ಘಟಿಸುವ ದಾರಿಯುಂಟೋ ಎಂಬುದನ್ನು ಹುಡುಕುತ್ತದೆ. ಅನೇಕ ವೇಳೆ ಕ್ರಮವಿಧಿಯನ್ನು ಕೂಡ ಆ ಮಾದರಿಯಿಂದಲೇ ಗಣಕವು ಹುಟ್ಟಿಸಿಕೊಡುತ್ತದೆ. ಏರ್‌ಬಸ್ ಎ-೩೮೦ ವಿಮಾನದ ನಿಯಂತ್ರಣ ತಂತ್ರಾಂಶವನ್ನು ರಚಿಸುವಾಗ ಸ್ಕೇಡ್ ಎಂಬ ಇಂಥ ಸಾಧನವನ್ನು ಬಳಸಿದರು.

ಮಾದರಿ ಎಂಬ ಮಾತು ಇಲ್ಲಿ ಸ್ವಲ್ಪ ತೊಡಕನ್ನುಂಟುಮಾಡುತ್ತದೆ. ಮಾದರಿ ಎಂದೊಡನೆ ಕನ್ನಡಿಗನ ಮನಸ್ಸಿಗೆ ಬರುವುದು ವಸ್ತುಪ್ರದರ್ಶನದಲ್ಲಿ ಇಟ್ಟಿರುವ ರಟ್ಟಿನ ಅಣೆಕಟ್ಟು. ಇಲ್ಲವೆ ಮಾದರಿ ಶಾಲೆ, ಮಾದರಿ ರೈತ ಎನ್ನುವಾಗಿನ ಅನುಕರಣಯೋಗ್ಯತೆ. ತಂತ್ರಾಂಶದವರ ಮಾದರಿ ಇವೆರಡೂ ಅಲ್ಲ. ಅದು ವಸ್ತುವಿನ ಪ್ರತಿಕೃತಿಯಾಗಿರದೆ ವಸ್ತುವಿನ ಲಕ್ಷಣವಾಗಿರುತ್ತದೆ; ಅಂದರೆ ನಮ್ಮ ಶಬ್ದಮಣಿದರ್ಪಣದ ಜಾತಿಗೆ ಸೇರಿದ ಬರವಣಿಗೆ. ಆದಕಾರಣವೇ ನಾನು ಅದನ್ನು ಯಂತ್ರದ ಲಕ್ಷಣಗ್ರಂಥವೆಂದು ಕರೆಯಲಿಚ್ಛಿಸುತ್ತೇನೆ.

ಈ ಶಾಸ್ತ್ರಕ್ಕೆ ಐಂಡ್‌ಹೋವನ್ ಸೀಮೆ ಒಂದು ತವರುಮನೆಯಂತಿದೆ. ಅಲ್ಲಿ ೨೦೦೨ರಲ್ಲಿ ಯಂತ್ರಗಳೊಳಗಿನ ತಂತ್ರಾಂಶದ ಸಂಶೋಧನೆಗೆಂದೇ ಒಂದು ಕೇಂದ್ರವನ್ನು ಸ್ಥಾಪಿಸಿದರು. ಇಎಸ್‌ಐ ಎಂಬ ಹೆಸರಿನ ಆ ಕೇಂದ್ರವು ೨೦೧೩ರಿಂದ ಟಿಎನ್‌ಒ ಎಂಬ ರಾಷ್ಟ್ರೀಯ ಸಂಶೋಧನ ಸಂಸ್ಥೆಯ ಅಂಗವಾಗಿದೆ. ಅಲ್ಲಿನ ಸಂಶೋಧಕರು ತಮ್ಮ ಕೋಣೆಗಳಲ್ಲಿ ಮಾತ್ರ ಕುಳಿತಿರದೆ ಕಾರ್ಖಾನೆಗಳವರೊಡನೆ ಕೂಡಿ, ನಿಜವಾದ ಯಂತ್ರಗಳ ನಿಜವಾದ ತೊಡಕುಗಳನ್ನೇ ಸಂಶೋಧನೆಯ ವಸ್ತುವನ್ನಾಗಿ ಮಾಡಿಕೊಳ್ಳುವ ಕ್ರಮ ಮೆಚ್ಚತಕ್ಕದ್ದು. ಒಂದು ಉದಾಹರಣೆಯನ್ನು ಹೇಳುತ್ತೇನೆ. ಸಮೀಪದ ಬೆಸ್ಟ್ ಎಂಬ ಊರಿನಲ್ಲಿ ಫಿಲಿಪ್ಸ್ ಸಂಸ್ಥೆಯು ಹೃದಯದ ರಕ್ತನಾಳಗಳ ಚಿಕಿತ್ಸೆಯ ಕಾಲದಲ್ಲಿ ಬಳಸುವ ಕ್ಷ-ಕಿರಣ ಯಂತ್ರಗಳನ್ನು ತಯಾರಿಸುತ್ತದೆ. ವೈದ್ಯನು ರೋಗಿಯ ನಾಳದೊಳಗೆ ಸೂಕ್ಷ್ಮವಾದ ನಳಿಗೆಯನ್ನು ಸೇರಿಸಿ, ಅದು ಎಲ್ಲಿ ಹೋಗುತ್ತಿದೆಯೆಂಬುದನ್ನು ಪರದೆಯ ಮೇಲೆ ನೋಡುತ್ತ, ಕಾಲಿನಿಂದ ಪೆಡಲ್ ಒತ್ತಿ ಕಿರಣವನ್ನು ಹೊರಡಿಸುತ್ತಾನೆ. ಪೆಡಲ್, ಮೇಜು, ಕಿರಣದ ಕೊಳವೆ, ಚಿತ್ರದ ಪರದೆ ಇವು ಒಂದೊಂದೂ ಬೇರೆ ಬೇರೆ ತಂಡಗಳಿಂದ, ಕೆಲವೊಮ್ಮೆ ಬೇರೆ ಸಂಸ್ಥೆಗಳಿಂದ ಬರುವ ಭಾಗಗಳು. ಒಂದು ಭಾಗವನ್ನು ಬದಲಾಯಿಸಿದಾಗ ಅದು ಉಳಿದವುಗಳೊಡನೆ ಹಿಂದಿನಂತೆಯೇ ಮಾತನಾಡುವುದೆಂದು ನಂಬುವುದು ಹೇಗೆ? ಇದಕ್ಕಾಗಿ ಇಎಸ್‌ಐ ಮತ್ತು ಫಿಲಿಪ್ಸ್ ಸೇರಿ ಕಾಮಾ ಎಂಬ ಭಾಷೆಯೊಂದನ್ನು ರೂಪಿಸಿವೆ. (ಅಲ್ಪವಿರಾಮದ ಹೆಸರೇ ಆಗಿರುವುದು ವ್ಯಾಕರಣದವನಿಗೆ ಸಂತೋಷದ ಸಂಗತಿ.) ಎರಡು ಭಾಗಗಳ ನಡುವೆ ಯಾವ ಸೂಚನೆಯ ಅನಂತರ ಯಾವುದು ಬರಬಹುದು, ಉತ್ತರವು ಎಷ್ಟು ಕಾಲದೊಳಗೆ ಬರಬೇಕು ಎಂಬುದನ್ನು ಆ ಭಾಷೆಯಲ್ಲಿ ಬರೆದರೆ, ಯಂತ್ರವು ಓಡುತ್ತಿರುವಾಗ ಅದರ ನಡೆಯನ್ನು ಲಕ್ಷಣದೊಡನೆ ಹೋಲಿಸಿ ಅಪಶಬ್ದ ಬಂದ ಕೂಡಲೆ ಎತ್ತಿತೋರಿಸುವ ಕಾವಲು ಕ್ರಮವಿಧಿಯು ತಾನಾಗಿಯೇ ಸಿದ್ಧವಾಗುತ್ತದೆ. ಫಿಲಿಪ್ಸ್ ಸಂಸ್ಥೆಗೆ ನಮ್ಮ ಬೆಂಗಳೂರಿನಲ್ಲಿಯೂ ದೊಡ್ಡ ತಂತ್ರಾಂಶ ಕೇಂದ್ರವುಂಟು. ಆದುದರಿಂದ ಇದು ನಮ್ಮ ಹುಡುಗರಿಗೆ ಕೇವಲ ದೂರದೇಶದ ವಾರ್ತೆಯಲ್ಲ.

ಇಷ್ಟಕ್ಕೇ ನಿಲ್ಲಿಸಿದರೆ ಇದು ಪ್ರಶಂಸೆಯ ಲೇಖನವಾಗುತ್ತದೆ. ಲಕ್ಷಣವನ್ನು ಯಂತ್ರವು ತಪ್ಪದೆ ಪಾಲಿಸುತ್ತದೆ ಎಂದಾದ ಮೇಲೆ ಭಾರವೆಲ್ಲ ಲಕ್ಷಣವನ್ನು ಬರೆದವನ ಮೇಲೆ ಬೀಳುತ್ತದೆ. ತರ್ಕಶಾಸ್ತ್ರವನ್ನು ಪ್ರಾರಂಭಿಸಿದ ಬಾಲಕನಿಗೂ ಲಕ್ಷಣಕ್ಕೆ ಬರತಕ್ಕ ಮೂರು ದೋಷಗಳು ಗೊತ್ತು. ಹಸುವೆಂದರೆ ಕಪಿಲವರ್ಣದ ಪ್ರಾಣಿ ಎಂದರೆ ಬಿಳಿಯ ಹಸು ಹೊರಗುಳಿಯಿತು, ಇದು ಅವ್ಯಾಪ್ತಿ. ಕೊಂಬುಳ್ಳ ಪ್ರಾಣಿ ಎಂದರೆ ಎಮ್ಮೆಯೂ ಒಳಗೆ ಬಂದಿತು, ಇದು ಅತಿವ್ಯಾಪ್ತಿ. ಒಂದೇ ಗೊರಸಿನ ಪ್ರಾಣಿ ಎಂದರೆ ಯಾವ ಹಸುವೂ ಸಿಕ್ಕದು, ಇದು ಅಸಂಭವ. ಗಂಗೆದೊಗಲುಳ್ಳದ್ದು ಎಂದಾಗ ಲಕ್ಷಣ ನಿಂತಿತು. ಪಾಠಶಾಲೆಯಲ್ಲಿ ಇದನ್ನು ಹೇಳುವಾಗ ಹುಡುಗರು ನಗುವುದುಂಟು: ಹಸುವನ್ನು ಕಂಡರೆ ತಿಳಿಯದೆ, ಅದಕ್ಕೆ ಇಷ್ಟು ತಗಾದೆಯೇಕೆ ಎಂದು. ಕಂಡು ತಿಳಿಯಬಲ್ಲವನಿಗೆ ಲಕ್ಷಣದ ಅಗತ್ಯ ನಿಜವಾಗಿಯೂ ಕಡಿಮೆ. ಕಣ್ಣಿಲ್ಲದ, ಊಹೆಯಿಲ್ಲದ ಯಂತ್ರಕ್ಕೆ ಲಕ್ಷಣವೊಂದೇ ಕಣ್ಣು.

ವಿಮಾನವು ನೆಲಕ್ಕೆ ಇಳಿಯಿತು ಎಂಬುದಕ್ಕೆ ಲಕ್ಷಣವೇನು? ಒಳಗೆ ಕುಳಿತ ಮಗುವಿಗೂ ತಿಳಿಯುವ ಸಂಗತಿಯಿದು. ಆದರೆ ಯಂತ್ರಕ್ಕೆ ಹೇಳಿಕೊಡಬೇಕು. ಹೇಳದೆ ಬಿಡುವಂತೆಯೂ ಇಲ್ಲ. ಏಕೆಂದರೆ ಎಂಜಿನಿನ ನೂಕುಬಲವನ್ನು ಹಿಂದುಮುಂದಾಗಿಸಿ ವೇಗವನ್ನು ತಗ್ಗಿಸುವ ಸಾಧನವು ಆಕಾಶದಲ್ಲಿ ತೆರೆದುಕೊಂಡರೆ ಸರ್ವನಾಶ. ೧೯೯೧ರ ಮೇ ೨೬ರಂದು ಥಾಯ್ಲೆಂಡಿನ ಮೇಲೆ ಹಾರುತ್ತಿದ್ದ ಲೌಡಾ ಏರ್ ಸಂಸ್ಥೆಯ ಬೋಯಿಂಗ್ ವಿಮಾನದಲ್ಲಿ, ಬೇರೊಂದು ಕಾರಣದಿಂದ, ಇದೇ ಆಗಿ ಅದರಲ್ಲಿದ್ದ ೨೨೩ ಮಂದಿಯೂ ಸತ್ತರು. ಇಂಥ ಅಪಾಯವನ್ನು ತಡೆಯಲೆಂದೇ ಏರ್‌ಬಸ್ ಎ-೩೨೦ ವಿಮಾನವನ್ನು ರಚಿಸಿದವರು ಎಚ್ಚರಿಕೆಯಿಂದ ಲಕ್ಷಣವನ್ನು ಕಟ್ಟಿದ್ದರು. ರೆಕ್ಕೆಗಳ ಮೇಲಿನ ತಡೆಹಲಗೆಗಳು ಏಳಬೇಕಾದರೆ ಎಡಬಲದ ಎರಡೂ ಮುಖ್ಯ ಚಕ್ರಸ್ತಂಭಗಳ ಮೇಲೆ ಒಂದೊಂದರಲ್ಲಿಯೂ ಕನಿಷ್ಠ ೬.೩ ಟನ್ ಭಾರ ಬಿದ್ದಿರಬೇಕು, ಇಲ್ಲವೆ ಚಕ್ರಗಳು ೭೨ ನಾಟ್ ವೇಗಕ್ಕೆ, ಎಂದರೆ ಗಂಟೆಗೆ ಸುಮಾರು ೧೩೩ ಕಿಲೋಮೀಟರಿಗೆ ಮೀರಿ ತಿರುಗುತ್ತಿರಬೇಕು. ನೂಕುಬಲವನ್ನು ಹಿಂದಾಗಿಸಲು ಎರಡೂ ಸ್ತಂಭಗಳು ಕುಗ್ಗಿರಲೇಬೇಕು.

೧೯೯೩ರ ಸೆಪ್ಟೆಂಬರ್ ೧೪ರಂದು ಫ್ರಾಂಕ್‌ಫರ್ಟಿನಿಂದ ಹೊರಟ ಲುಫ್ತಾನ್ಸಾ ಸಂಸ್ಥೆಯ ಇಂಥದೊಂದು ವಿಮಾನವು ೭೦ ಜನರನ್ನು ಹೊತ್ತು ವಾರ್ಸಾ ನಗರದಲ್ಲಿ ಇಳಿಯಿತು. ಮಳೆ ಸುರಿದು ಓಡುದಾರಿಯಲ್ಲಿ ನೀರು ನಿಂತಿತ್ತು. ಗಾಳಿಯ ದಿಕ್ಕು ಹಠಾತ್ತನೆ ಬದಲಾಗಬಹುದೆಂಬ ಎಚ್ಚರಿಕೆ ಬಂದಿದ್ದುದರಿಂದ ಚಾಲಕರು ವೇಗವನ್ನು ಹೆಚ್ಚಾಗಿಟ್ಟು, ಅಡ್ಡಗಾಳಿಯನ್ನು ನಿರೀಕ್ಷಿಸಿ ವಿಮಾನವನ್ನು ಬಲಕ್ಕೆ ವಾಲಿಸಿ ತಂದರು. ಅಡ್ಡಗಾಳಿಗೆ ಬದಲಾಗಿ ಹಿಂಗಾಳಿಯೇ ಬೀಸುತ್ತಿತ್ತು. ಬಲಚಕ್ರ ಮೊದಲು ನೆಲವನ್ನು ಮುಟ್ಟಿತು; ಎಡಚಕ್ರ ನೆಲಕ್ಕೆ ಬಂದುದು ಸುಮಾರು ೯ ಸೆಕೆಂಡುಗಳ ಅನಂತರ. ನೀರಿನ ಮೇಲೆ ಜಾರಿದ ಚಕ್ರಗಳು ಬೇಕಾದ ವೇಗದಲ್ಲಿ ತಿರುಗಲಿಲ್ಲ. ಆ ೯ ಸೆಕೆಂಡುಗಳ ಕಾಲ ಯಂತ್ರದ ಲಕ್ಷಣಗ್ರಂಥದ ಪ್ರಕಾರ ವಿಮಾನವು ಇನ್ನೂ ಆಕಾಶದಲ್ಲಿತ್ತು! ಚಾಲಕರು ಏನು ಮಾಡಿದರೂ ತಡೆಹಲಗೆಗಳು ಏಳಲಿಲ್ಲ, ನೂಕುಬಲ ಹಿಂತಿರುಗಲಿಲ್ಲ. ೨,೮೦೦ ಮೀಟರ್ ಉದ್ದದ ದಾರಿ ಮುಗಿದುಹೋಗಿ, ವಿಮಾನವು ಆಚೆಯ ಮಣ್ಣಿನ ದಿಬ್ಬಕ್ಕೆ ಬಡಿದು ಉರಿಯಿತು. ಇಬ್ಬರು ಸತ್ತರು. ಚಾಲಕರ ನಿರ್ಣಯಗಳಲ್ಲಿಯೂ ಗಾಳಿಯ ವರದಿಯಲ್ಲಿಯೂ ಕೊರತೆಯಿತ್ತೆಂಬುದನ್ನು ಮರೆಮಾಚಬಾರದು. ಆದರೂ ತಂತ್ರಾಂಶದ ಮಟ್ಟಿಗೆ ಒಂದು ಮಾತು ಸ್ಪಷ್ಟ. ಕ್ರಮವಿಧಿಯಲ್ಲಿ ದೋಷವಿರಲಿಲ್ಲ; ಅದು ಹೇಳಿದುದನ್ನು ಹೇಳಿದಂತೆ ಮಾಡಿತು. ಇದ್ದುದು ಅವ್ಯಾಪ್ತಿದೋಷ, ನೆಲದ ಮೇಲೆ ನಿಜವಾಗಿ ಇದ್ದ ವಿಮಾನವೊಂದು ನೆಲದ ಮೇಲಿರುವಿಕೆಯ ಲಕ್ಷಣದಿಂದ ಹೊರಗುಳಿದಿತ್ತು. ಹಾಗೆಂದು ಲಕ್ಷಣವನ್ನು ಸಡಿಲಿಸಿದರೆ ಅತಿವ್ಯಾಪ್ತಿಯ ಬಾಯಿಗೆ ಬೀಳುವ ಭಯ. ಬಿಳಿಯ ಹಸುವಿನ ಚರ್ಚೆ ಇಲ್ಲಿ ನಗೆಯ ವಸ್ತುವಾಗಿ ಉಳಿಯುವುದಿಲ್ಲ.

ಇಂಥದೇ ಇಕ್ಕಟ್ಟನ್ನು ನೆದರ್‌ಲೆಂಡ್ಸಿನ ಸಮುದ್ರತೀರದಲ್ಲಿ ಕಾಣಬಹುದು. ೧೯೫೩ರ ಫೆಬ್ರವರಿ ೧ರ ರಾತ್ರಿ ಉತ್ತರ ಸಮುದ್ರವು ಉಕ್ಕಿ ಆ ದೇಶದಲ್ಲಿ ೧,೮೩೬ ಜನರನ್ನು ಬಲಿ ತೆಗೆದುಕೊಂಡಿತು. ಆಮೇಲೆ ಕಟ್ಟಿದ ರಕ್ಷಣೆಗಳ ಸಾಲಿನಲ್ಲಿ ರಾಟರ್‌ಡ್ಯಾಮ್ ಬಂದರಿನ ದಾರಿಗೆ ಅಡ್ಡಲಾಗಿ ೧೯೯೭ರಲ್ಲಿ ಉದ್ಘಾಟಿತವಾದ ಮಾಸ್‌ಲಾಂಟ್ ತಡೆಬಾಗಿಲು ಪ್ರಸಿದ್ಧವಾದುದು. ಅದರ ಎರಡು ಕದಗಳಲ್ಲಿ ಒಂದೊಂದೂ ೨೧೦ ಮೀಟರ್ ಉದ್ದ, ೨೨ ಮೀಟರ್ ಎತ್ತರ. ಅದನ್ನು ಮುಚ್ಚಬೇಕೋ ಬೇಡವೋ ಎಂಬ ನಿರ್ಧಾರವನ್ನು ಮನುಷ್ಯನ ಕೈಯಿಂದ ತೆಗೆದು ತಂತ್ರಾಂಶಕ್ಕೆ ಒಪ್ಪಿಸಿದ್ದಾರೆ. ಕಾರಣವಿಲ್ಲದೆ ಮುಚ್ಚಿದರೆ ಹಡಗುಗಳು ಬಂದರಿನ ಹೊರಗೆ ನಿಂತು ಅಪಾರ ನಷ್ಟ. ಮುಚ್ಚದೆ ಹೋದರೆ ಊರಿಗೆ ಊರೇ ನೀರಿನ ಪಾಲು. ಆದುದರಿಂದ ಆ ನಿರ್ಧಾರದ ವಿಧಿಯನ್ನು ಜೆಡ್, ಪ್ರೊಮೆಲಾ ಎಂಬ ಕೃತಕಭಾಷೆಗಳಲ್ಲಿ ಬರೆದು, ಸ್ಪಿನ್ ಎಂಬ ಸಾಧನದಿಂದ ಸೋಸಿ ನೋಡಿ ಅನಂತರ ತಂತ್ರಾಂಶವನ್ನು ರಚಿಸಿದರು. ೨೦೨೩ರ ಡಿಸೆಂಬರ್ ೨೧ರಂದು ಬಿರುಗಾಳಿಯ ಹೊತ್ತಿನಲ್ಲಿ ಅದು ನೀರಿನ ಮಟ್ಟವನ್ನು ಲೆಕ್ಕಹಾಕಿ ಮೊಟ್ಟಮೊದಲ ಬಾರಿಗೆ ತಾನಾಗಿಯೇ ಮುಚ್ಚಿಕೊಂಡಿತು. ಲಕ್ಷಣವನ್ನು ಬರೆದು ಕಾಲು ಶತಮಾನದ ಮೇಲೆ ಅದಕ್ಕೆ ಲಕ್ಷ್ಯ ದೊರೆಯಿತೆಂದು ವೈಯಾಕರಣನು ಹೇಳಬಹುದು.

ಇಲ್ಲಿ ಮನುಷ್ಯರಿಗಾಗಿ ಬರೆದ ವ್ಯಾಕರಣಕ್ಕೂ ಯಂತ್ರಕ್ಕಾಗಿ ಬರೆದ ಲಕ್ಷಣಕ್ಕೂ ಇರುವ ದೊಡ್ಡ ಅಂತರವೊಂದನ್ನು ಹೇಳಬೇಕು. ನಮ್ಮ ಶಾಲೆಯ ವ್ಯಾಕರಣದಲ್ಲಿ ಲೋಪಸಂಧಿಯ ವಿಧಿ ಹೀಗಿದೆ: ಸ್ವರದ ಮುಂದೆ ಸ್ವರ ಬಂದಾಗ, ಅರ್ಥಕ್ಕೆ ಕೆಡುಕಾಗದಿದ್ದರೆ, ಮೊದಲಿನ ಸ್ವರ ಲೋಪವಾಗುತ್ತದೆ. ಊರು ಎಂಬುದರ ಮುಂದೆ ಅಲ್ಲಿ ಎಂಬುದು ಬಂದರೆ ಊರಲ್ಲಿ ಎಂದಾಗುತ್ತದೆ. ಮನೆ ಎಂಬುದರ ಮುಂದೆ ಬಂದರೆ ಹಾಗೆ ಮಾಡುವಂತಿಲ್ಲ. ಯಕಾರ ಬಂದು ಮನೆಯಲ್ಲಿ ಎಂದಾಗುತ್ತದೆ. ಅರ್ಥ ಕೆಡುವುದು ಯಾವಾಗ ಎಂದು ಯಾವ ಹುಡುಗನೂ ನನ್ನನ್ನು ಕೇಳಿಲ್ಲ. ಮನಲ್ಲಿ ಎಂದು ಕನ್ನಡದ ಮಗು ಎಂದೂ ಹೇಳದು. ಅಂದರೆ ನಮ್ಮ ಸೂತ್ರವು ಓದುಗನ ಕಿವಿಯನ್ನು ನಂಬಿಕೊಂಡು ಅರ್ಧ ದಾರಿಯಲ್ಲಿ ನಿಂತುಕೊಂಡಿದೆ. ಉಳಿದರ್ಧವನ್ನು ಓದುಗನು ತನ್ನ ಮನೆಯಿಂದಲೇ ತಂದಿರುತ್ತಾನೆ. ಯಂತ್ರಕ್ಕೆ ಮನೆಯೂ ಇಲ್ಲ, ತಾಯ್ನುಡಿಯೂ ಇಲ್ಲ. ಅದಕ್ಕೆ ಅರ್ಥ ಕೆಡದಿದ್ದರೆ ಎಂಬ ಏಳಕ್ಷರದ ಉಪಾಧಿಯನ್ನು ಬಿಡಿಸಿ ಹೇಳಬೇಕಾದರೆ ಹತ್ತಾರು ಪುಟಗಳು ಬೇಕು. ಎಂಜಿನಿಯರುಗಳು ಬರೆಯುವ ಸಾಮಾನ್ಯ ಗದ್ಯದಲ್ಲಿ ಅಗತ್ಯವಿದ್ದಾಗ, ಸೂಕ್ತ ಕಾಲದಲ್ಲಿ, ಯಥಾಪ್ರಕಾರ ಎಂಬ ಮಾತುಗಳು ಎಷ್ಟು ಬಾರಿ ಬರುತ್ತವೆಯೋ ಅಷ್ಟು ಕಡೆ ಇಂಥ ಅರ್ಧದಾರಿಯ ಸೂತ್ರಗಳಿವೆ ಎಂದು ತಿಳಿಯಬೇಕು. ಮಾದರಿಯನ್ನು ಬರೆಯುವುದರ ಮುಖ್ಯ ಪ್ರಯೋಜನವೆಂದರೆ, ಬರೆಯಹೊರಟೊಡನೆ ಈ ಮಾತುಗಳು ಬಾಯ್ಬಿಡುತ್ತವೆ. ಕ್ರಮವಿಧಿ ತಾನಾಗಿ ಹುಟ್ಟುವುದು ಅದಕ್ಕಿಂತ ಚಿಕ್ಕ ಲಾಭ.

ಇನ್ನು ಸಾಧನೆಯ ಮಾತು. ಪ್ಯಾರಿಸ್ ನಗರದ ನೆಲದಡಿಯ ರೈಲಿನ ೧೪ನೆಯ ಮಾರ್ಗವು ೧೯೯೮ರ ಅಕ್ಟೋಬರಿನಲ್ಲಿ ಚಾಲಕನಿಲ್ಲದೆ ಓಡತೊಡಗಿತು. ಅದರ ಸುರಕ್ಷತೆಯ ತಂತ್ರಾಂಶವನ್ನು ಜ್ಯಾಂ-ರೇಮೋಂ ಅಬ್ರಿಯಾಲ್ ಎಂಬವರು ರೂಪಿಸಿದ ಬಿ ಎಂಬ ಪದ್ಧತಿಯಲ್ಲಿ ಲಕ್ಷಣದಿಂದ ಮೊದಲುಗೊಂಡು ಹಂತಹಂತವಾಗಿ ಸಾಧಿಸಿದರು. ಸುಮಾರು ೮೬,೦೦೦ ಸಾಲುಗಳ ಕ್ರಮವಿಧಿಗೆ ಸುಮಾರು ೨೭,೮೦೦ ಸಾಧನೆಗಳು ಬೇಕಾದವು. ಗಣಿತದ ಪ್ರಮೇಯದಂತೆ ಸಾಧಿತವಾದ ತಂತ್ರಾಂಶವಿದು. ಇದನ್ನು ಕೇಳಿದಾಗ ಸಂತೋಷವಾಗುತ್ತದೆ; ಆದರೆ ಸಾಧಿತವಾದುದು ಯಾವುದು ಎಂಬುದನ್ನು ಮರೆಯಬಾರದು. ಕ್ರಮವಿಧಿಯು ಲಕ್ಷಣಕ್ಕೆ ಹೊಂದುತ್ತದೆ ಎಂಬುದು ಸಾಧಿತ. ಲಕ್ಷಣವು ಲೋಕಕ್ಕೆ ಹೊಂದುತ್ತದೆ ಎಂಬುದನ್ನು ಯಾವ ಪ್ರಮೇಯವೂ ಸಾಧಿಸಿಕೊಡಲಾರದು. ಓಡುದಾರಿ ಒದ್ದೆಯಾಗಿರಬಹುದು, ಒಂದು ಚಕ್ರ ಇನ್ನೊಂದಕ್ಕಿಂತ ೯ ಸೆಕೆಂಡು ಮೊದಲು ಇಳಿಯಬಹುದು ಎಂಬುದು ಮಾದರಿಯಲ್ಲಿ ಇಲ್ಲದಿದ್ದರೆ, ಸಾಧನೆಗಳು ಲಕ್ಷವಿದ್ದರೂ ಅವು ಆ ಮಳೆಯನ್ನು ಕಾಣವು. ಮಾದರಿಯ ಪದ್ಧತಿಯನ್ನು ಹೊಗಳುವವರಲ್ಲಿ ಕೆಲವರು ಇದನ್ನು ಮೆಲ್ಲಗೆ ಹೇಳಿ ಮುಂದಕ್ಕೆ ಹೋಗುತ್ತಾರೆ. ಗಟ್ಟಿಯಾಗಿ ಹೇಳತಕ್ಕ ಮಾತಿದು.

ಲೋಕವು ನಿಂತಲ್ಲಿ ನಿಲ್ಲುವುದೂ ಇಲ್ಲ. ಕೇಶಿರಾಜನು ಹದಿಮೂರನೆಯ ಶತಮಾನದಲ್ಲಿ ಹಳಗನ್ನಡಕ್ಕೆ ನಿರ್ದುಷ್ಟವಾದ ಲಕ್ಷಣವನ್ನು ಬರೆದನು. ಆ ವೇಳೆಗಾಗಲೇ ಜನರ ನಾಲಗೆಯಲ್ಲಿ ಪಕಾರವು ಹಕಾರವಾಗಿ ಪಾಲು ಹಾಲಾಗುತ್ತಿತ್ತು. ಗ್ರಂಥ ಕೆಡಲಿಲ್ಲ, ಭಾಷೆಯೂ ಕೆಡಲಿಲ್ಲ. ಎರಡರ ನಡುವೆ ಅಂತರ ಬೆಳೆಯಿತು. ವ್ಯಾಕರಣದಲ್ಲಿ ಇದರಿಂದ ಯಾರ ಪ್ರಾಣವೂ ಹೋಗದು. ಏರಿಯಾನ್-೫ ಎಂಬ ಯುರೋಪಿನ ರಾಕೆಟ್ಟಿನಲ್ಲಿ ಹೀಗಾದಾಗ ೩೭ ಸೆಕೆಂಡುಗಳಲ್ಲಿಯೇ ಫಲ ಕಂಡಿತು. ಹಿಂದಿನ ಏರಿಯಾನ್-೪ ರಾಕೆಟ್ಟಿನಲ್ಲಿ ಚೆನ್ನಾಗಿ ನಡೆದಿದ್ದ ತಂತ್ರಾಂಶದ ಒಂದು ಭಾಗವನ್ನು ಹೊಸದಕ್ಕೂ ಹಾಗೆಯೇ ತೊಡಿಸಿದ್ದರು. ಹೊಸ ರಾಕೆಟ್ಟಿನ ಅಡ್ಡವೇಗಕ್ಕೆ ಸಂಬಂಧಪಟ್ಟ ಸಂಖ್ಯೆಯೊಂದು ಹಳೆಯದಕ್ಕಿಂತ ಬಹಳ ದೊಡ್ಡದಾಗಿ, ಅದಕ್ಕೆಂದು ಮೀಸಲಾಗಿದ್ದ ೧೬ ಬಿಟ್ಟುಗಳ ಸ್ಥಳದಲ್ಲಿ ಹಿಡಿಸದೆ ಹೋಯಿತು. ೧೯೯೬ರ ಜೂನ್ ೪ರಂದು ಹಾರಿದ ಅದು ದಾರಿತಪ್ಪಿ ಒಡೆದು ಚೂರಾಯಿತು. ಒಂದು ಕಾಲದ ಲಕ್ಷಣವನ್ನು ಬೇರೆ ಕಾಲದ ಲಕ್ಷ್ಯಕ್ಕೆ ಪ್ರಯೋಗಿಸಿದುದರ ಫಲವಿದು.

ಈ ಸಂದರ್ಭದಲ್ಲಿ ನಮ್ಮವರ ಒಂದು ಅಭ್ಯಾಸವನ್ನು ಕುರಿತು ಎರಡು ಮಾತು ಹೇಳದಿದ್ದರೆ ಪ್ರಾಮಾಣಿಕನಾಗಲಾರೆ. ವ್ಯಾಕರಣಕ್ಕೂ ಗಣಕಕ್ಕೂ ನಂಟು ಎಂದೊಡನೆ, ಸಂಸ್ಕೃತವೇ ಗಣಕಕ್ಕೆ ಶ್ರೇಷ್ಠವಾದ ಭಾಷೆಯೆಂದು ನಾಸಾ ಒಪ್ಪಿಕೊಂಡಿದೆ, ಪಾಣಿನಿಯೇ ಗಣಕದ ಜನಕ ಎಂಬ ಮಾತು ವಾರ್ಷಿಕೋತ್ಸವದ ವೇದಿಕೆಗಳಿಂದ ತಪ್ಪದೆ ಕೇಳಿಬರುತ್ತದೆ. ನಾಸಾಕ್ಕೆ ಸಂಬಂಧಪಟ್ಟ ಸಂಶೋಧನ ಕೇಂದ್ರದಲ್ಲಿದ್ದ ರಿಕ್ ಬ್ರಿಗ್ಸ್ ಎಂಬವರು ೧೯೮೫ರಲ್ಲಿ ಶಾಬ್ದಬೋಧದ ಪದ್ಧತಿಯನ್ನೂ ಕೃತಕಬುದ್ಧಿಯ ಜ್ಞಾನನಿರೂಪಣೆಯನ್ನೂ ಹೋಲಿಸಿ ಒಂದು ಲೇಖನ ಬರೆದುದು ನಿಜ. ಅದು ಒಬ್ಬ ಸಂಶೋಧಕನ ಲೇಖನ, ಸಂಸ್ಥೆಯ ನಿರ್ಣಯವಲ್ಲ. ಗಣಕಭಾಷೆಗಳ ವ್ಯಾಕರಣವನ್ನು ಬರೆಯಲು ಜಾನ್ ಬ್ಯಾಕಸ್ ೧೯೫೯ರಲ್ಲಿ ರೂಪಿಸಿ ಪೀಟರ್ ನೌರ್ ಪರಿಷ್ಕರಿಸಿದ ಸಂಕೇತಪದ್ಧತಿಯು ಪಾಣಿನಿಯ ಪದ್ಧತಿಯನ್ನು ಹೋಲುತ್ತದೆಂದು ೧೯೬೭ರಲ್ಲಿ ಪೀಟರ್ ಇಂಗರ್‌ಮನ್ ಎಂಬವರು ಪತ್ರವೊಂದರಲ್ಲಿ ತಿಳಿಸಿ, ಅದಕ್ಕೆ ಪಾಣಿನಿಯ ಹೆಸರನ್ನೂ ಸೇರಿಸಬೇಕೆಂದು ಸೂಚಿಸಿದುದೂ ನಿಜ. ಇಷ್ಟು ಗೌರವ ಸಾಲದೆ? ಪಾಣಿನಿಯ ಸುಮಾರು ೪,೦೦೦ ಸೂತ್ರಗಳ ಮುಂದೆ ಕುಳಿತವನಿಗೆ ಉತ್ಸರ್ಗ, ಅಪವಾದ, ಎರಡು ವಿಧಿಗಳು ಏಕಕಾಲಕ್ಕೆ ಪ್ರಾಪ್ತವಾದಾಗ ಬಲಾಬಲದ ನಿರ್ಣಯ ಇವುಗಳಲ್ಲಿ ದೊರೆಯುವ ಶಿಕ್ಷಣವೇ ದೊಡ್ಡ ಸಂಪತ್ತು. ಬಲಾಬಲದ ಆ ಸೂತ್ರದ ಅರ್ಥವೇ ಬೇರೆಯೆಂದು ಕೇಂಬ್ರಿಜ್ ವಿಶ್ವವಿದ್ಯಾಲಯದ ರಿಷಿ ರಾಜಪೋಪಟ್ ಎಂಬ ಯುವಕರು ಮಂಡಿಸಿದ ವಾದವು ೨೦೨೨ರಲ್ಲಿ ಪತ್ರಿಕೆಗಳಲ್ಲಿ ಪ್ರಸಿದ್ಧವಾಯಿತು. ವಿದ್ವಾಂಸರೆಲ್ಲ ಅದನ್ನು ಒಪ್ಪಿಲ್ಲ. ಒಂದು ಸೂತ್ರದ ಅರ್ಥವನ್ನು ಕುರಿತು ಎರಡು ಸಾವಿರ ವರ್ಷಗಳ ಮೇಲೂ ಚರ್ಚೆ ನಡೆಯುತ್ತದೆ ಎಂಬುದು ವಿಮಾನದ ಸೂತ್ರಗಳನ್ನು ಬರೆಯ ಹೊರಟವನಿಗೆ ಜನಕತ್ವದ ಬಿರುದಿಗಿಂತ ಹೆಚ್ಚು ಪ್ರಯೋಜನದ ಸಂಗತಿ.

ನನ್ನನ್ನು ಕೇಳಿದರೆ, ಈ ಕೆಲಸಕ್ಕೆ ಪಾಣಿನಿಗಿಂತಲೂ ಕೇಶಿರಾಜನ ಕ್ರಮ ಹತ್ತಿರವಾದುದು. ಅವನು ಮೊದಲು ಕಂದಪದ್ಯದಲ್ಲಿ ಸೂತ್ರವನ್ನು ಹೇಳುತ್ತಾನೆ. ಅದರ ಕೆಳಗೆ ತಾನೇ ಗದ್ಯದಲ್ಲಿ ವೃತ್ತಿಯನ್ನು ಬರೆದು ಅರ್ಥವನ್ನು ಬಿಡಿಸುತ್ತಾನೆ. ಅನಂತರ ಕವಿಗಳ ಕೃತಿಗಳಿಂದ ಪ್ರಯೋಗಗಳನ್ನು ಎತ್ತಿ ಸೂತ್ರವನ್ನು ಅವುಗಳ ಮೇಲೆ ಒರೆದು ತೋರಿಸುತ್ತಾನೆ. ಸೂತ್ರವೊಂದೇ ಇದ್ದರೆ ಬಲ್ಲವನಿಗಷ್ಟೇ ದಕ್ಕುತ್ತಿತ್ತು. ವೃತ್ತಿಯೊಂದೇ ಇದ್ದರೆ ಸಡಿಲವಾಗುತ್ತಿತ್ತು. ಪ್ರಯೋಗವಿಲ್ಲದಿದ್ದರೆ ಲೋಕದೊಡನೆ ನಂಟು ತಪ್ಪುತ್ತಿತ್ತು. ಇಂದಿನ ಯಂತ್ರಗಳ ಮಾದರಿಗೂ ಈ ಮೂರೂ ಬೇಕು. ಗಣಕವು ಓದುವ ಕೃತಕಭಾಷೆಯ ಸೂತ್ರ. ಪೆಡಲ್ ಒತ್ತುವ ವೈದ್ಯನೂ ವಿಮಾನದ ಚಾಲಕನೂ ಓದಿ ಇದು ತಪ್ಪು ಎನ್ನಬಲ್ಲ ಸ್ಪಷ್ಟವಾದ ಗದ್ಯ. ನಡೆದುಹೋದ ನಿಜವಾದ ಹಾರಾಟಗಳ, ನಿಜವಾದ ಚಿಕಿತ್ಸೆಗಳ ಪ್ರಯೋಗಸಂಗ್ರಹ. ಎರಡನೆಯದನ್ನು ಎಂಜಿನಿಯರುಗಳು ಬಹಳ ತಾತ್ಸಾರ ಮಾಡುತ್ತಾರೆಂಬುದು ಅವರೇ ಹೇಳುವ ಮಾತು. ಅದು ಶುದ್ಧವಾಗಿ ಭಾಷೆಯ ಕೆಲಸ.

ಈಚಿನ ವರ್ಷಗಳಲ್ಲಿ ಆಡುಮಾತಿನಲ್ಲಿ ಹೇಳಿದರೆ ಸಾಕು, ಕ್ರಮವಿಧಿಯನ್ನು ತಾವೇ ಬರೆದುಕೊಡುವ ಕೃತಕಬುದ್ಧಿಯ ಸಾಧನಗಳು ಬಂದಿವೆ. ಇನ್ನು ಲಕ್ಷಣದ ಹಂಗೇಕೆ ಎಂದು ಕೇಳುವವರಿದ್ದಾರೆ. ನಮ್ಮ ಊರಿನಲ್ಲಿ ಕರೆಂಟು ಹೋಯಿತು ಎಂಬ ಮಾತನ್ನು ದಿನಕ್ಕೆ ನಾಲ್ಕು ಸಲ ಹೇಳುತ್ತೇವೆ. ಮನೆಯಾಕೆಗೆ ಅದರ ಅರ್ಥ ದೀಪ ಆರಿತೆಂದು. ರೈತನಿಗೆ ಪಂಪು ನಿಂತಿತೆಂದು. ಕಂಬ ಹತ್ತುವ ಲೈನ್‌ಮನ್ನನಿಗೆ ತಂತಿಯನ್ನು ಮುಟ್ಟಬಹುದೋ ಮುಟ್ಟಬಾರದೋ ಎಂಬ ಪ್ರಾಣದ ಪ್ರಶ್ನೆ. ಫ್ಯೂಸು ಹೋಗಿರಬಹುದು, ಒಂದು ಫೇಸ್ ಮಾತ್ರ ಹೋಗಿರಬಹುದು, ಮರುಕ್ಷಣದಲ್ಲಿ ಮರಳಲೂಬಹುದು. ಇಷ್ಟನ್ನೂ ಒಂದೇ ವಾಕ್ಯದಲ್ಲಿ ಮುಚ್ಚಿಟ್ಟು ಯಂತ್ರಕ್ಕೆ ಒಪ್ಪಿಸಿದರೆ, ಅದು ತನಗೆ ತೋರಿದ ಒಂದು ಅರ್ಥವನ್ನು ಹಿಡಿದು ಹೊರಡುತ್ತದೆ. ಬರೆಯುವ ಕೈ ಬದಲಾದ ಮಾತ್ರಕ್ಕೆ ಹೇಳುವವನ ಹೊಣೆ ಕಡಿಮೆಯಾಗದು, ಹೆಚ್ಚೀತು.

ಆದುದರಿಂದ ಶಾಲೆಯ ಆಡಳಿತವರ್ಗದ ಮುಂದೆ ಒಂದು ಚಿಕ್ಕ ಸಲಹೆಯನ್ನಿಡುತ್ತೇನೆ. ಒಂಬತ್ತನೆಯ ತರಗತಿಗೆ ತಿಂಗಳಿಗೆ ಎರಡು ಅವಧಿಗಳನ್ನು ಕನ್ನಡದ ಉಪಾಧ್ಯಾಯರಿಗೂ ವಿಜ್ಞಾನದ ಉಪಾಧ್ಯಾಯರಿಗೂ ಜಂಟಿಯಾಗಿ ಕೊಡಬೇಕು. ಹೊಸ ಪುಸ್ತಕವಾಗಲಿ, ಹಣವಾಗಲಿ, ಗಣಕವಾಗಲಿ ಬೇಕಿಲ್ಲ. ವಿದ್ಯಾರ್ಥಿನಿಲಯದ ಮಾಳಿಗೆಯ ಮೇಲಿನ ನೀರಿನ ತೊಟ್ಟಿಯಿಂದಲೇ ಪ್ರಾರಂಭಿಸಬಹುದು. ತೊಟ್ಟಿ ತುಂಬಿದಾಗ ಪಂಪು ನಿಲ್ಲತಕ್ಕದ್ದು, ತುಂಬುವುದೆಂದರೇನು? ಹುಡುಗರು ಮೂರು ವಾಕ್ಯಗಳಲ್ಲಿ ಲಕ್ಷಣವನ್ನು ಬರೆಯಲಿ. ನೀರು ಮೇಲಿನ ಗುರುತನ್ನು ಮುಟ್ಟಿದಾಗ ಎಂದು ಮೊದಲ ಬೆಂಚಿನವರು ಬರೆಯುತ್ತಾರೆ. ಕೊಳವೆಯಿಂದ ಬೀಳುವ ನೀರು ಎರಚಿ ಗುರುತನ್ನು ಮುಟ್ಟಿದರೆ ತೊಟ್ಟಿ ಅರ್ಧವಿದ್ದಾಗಲೇ ಪಂಪು ನಿಲ್ಲುತ್ತದೆಯಲ್ಲ ಎಂದು ಎರಡನೆಯ ಬೆಂಚಿನವರು ಅತಿವ್ಯಾಪ್ತಿಯನ್ನು ಹಿಡಿಯಲಿ. ಗುರುತನ್ನು ಹತ್ತು ಸೆಕೆಂಡು ಬಿಡದೆ ಮುಟ್ಟಿದ್ದರೆ ಎಂದು ಮೊದಲಿನವರು ತಿದ್ದಲಿ. ಮುಂಜಾನೆ ಎಲ್ಲ ನಲ್ಲಿಗಳೂ ತೆರೆದಿರುವಾಗ ನೀರು ಗುರುತಿನ ಬಳಿ ಏರಿಳಿಯುತ್ತಿದ್ದರೆ ಏನಾಗುತ್ತದೆ, ನಡುವೆ ಕರೆಂಟು ಹೋಗಿ ಮರಳಿದರೆ ಹತ್ತು ಸೆಕೆಂಡಿನ ಲೆಕ್ಕ ಎಲ್ಲಿಂದ ಎಂದು ಮೂರನೆಯ ಬೆಂಚಿನವರು ಕೇಳಲಿ. ವಿಜ್ಞಾನದ ಉಪಾಧ್ಯಾಯರು ಮಾಳಿಗೆಗೆ ಕರೆದುಕೊಂಡು ಹೋಗಿ ತೇಲುಗುಂಡನ್ನು ತೋರಿಸಲಿ. ಅಡುಗೆಯವರನ್ನೂ ಕರೆದು ನೀರು ಯಾವ ಹೊತ್ತಿನಲ್ಲಿ ಎಷ್ಟು ಬೇಕೆಂದು ಹುಡುಗರೇ ವಿಚಾರಿಸಲಿ. ಆಮೇಲೆ ಕೆಳಗಿಳಿದು ಬಂದು, ವಾಕ್ಯಗಳನ್ನು ಮತ್ತೆ ಬರೆಯಲಿ.